ಸಹಕುಟುಂಬ ಚಹಾಪಾನ



ಬೈಲಹೊಂಗಲದಂತಹ ಹತ್ತಿಯ ಪೇಟೆಯಲ್ಲಿ ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದ ನನ್ನಂಥವನಿಗೆ ಸಾಯಂಕಾಲದ ಐದು ಗಂಟೆಯೆಂದರೆ ಚಹಾದ ಅಂಗಡಿಯೇ. ಶಾಲೆಯ ಕಡೆಯ ಗಂಟೆ ಬಾರಿಸಿದ ಮೇಲೆ ಕೈಗೆ ಹತ್ತಿದ ಖಡುವಿನ ಪುಡಿಯನ್ನು ಕರವಸ್ತ್ರಕ್ಕೆ ಒರಸಿಕೊಳ್ಳುತ್ತ, ಅಡತಿ ಅಂಗಡಿಗಳ ಮುಂದೆ ನಿಂತ ಚಕ್ಕಡಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಎಣ್ಣೆಯ ಜಿಡ್ಡು ಹತ್ತಿ ಕಪ್ಪಾದ ಒಂದು ಬಾಕಿನ ಮೇಲೆ ಕುಳಿತೆನೆಂದರೆ, ನಾನು ಏನನ್ನೂ ಹೇಳುವ ಪೂರ್ವದಲ್ಲಿಯೇ ಹುಡುಗನು ಕಪ್ಪು-ಬಶಿಯನ್ನು ತಂದು ಮುಂದಿಡುತ್ತಿದ್ದನು. ಒಲೆಯ ಮೇಲೆ ಕುದಿಯುವ ಚಹಾವನ್ನು ಎಷ್ಟೋ ಸಾವಿರ ಸಲ ಸೋಸಿ ಕಡುಗೆಂಪು ಬಣ್ಣಕ್ಕೆ ತಿರುಗಿದ ಅರಿವೆ, ಗಲ್ಲೆಯ ಹಿಂದೆ ಕುಂಕುಮ ಹಚ್ಚಿದ ದೇವರ ಪಟ, ಅದರ ಕೆಳಗೆ ‘ಇಂದು ರೋಕ, ನಾಳೆ ಉದ್ರಿ’ ಎಂಬ ಫಲಕ, ಆ ಫಲಕದ ಬುಡದಲ್ಲಿಯೇ ನಮ್ಮೆಲ್ಲರ ಉದ್ರಿಯನ್ನು ಬರೆದಿಡುವ ಕೆಂಪು ವಹಿ, ಇವುಗಳಿಂದ ಕೂಡಿದ ಆ ಅಂಗಡಿಯಲ್ಲಿ ಹತ್ತಿಯ ಧಾರಣೆಯಿಂದ ಹಿಡಿದು ಕಿತ್ತೂರು ಚೆನ್ನಮ್ಮನ ಸಮಾಧಿಯ ಜೀರ್ಣೋದ್ಧಾರದವರೆಗೆ ನಾವು ಚರ್ಚಿಸದ ವಿಷಯವಿರಲಿಲ್ಲ. ಚಹಾವನ್ನು ಕಪ್ಪಿನಿಂದ ಬಶಿಗೆ ಹೊಯ್ದು, ಬಶಿಯ ಅಂಚನ್ನು ತುಟಿಗೆ ಆನಿಸಿ, ಸುರ್ರೆಂದು ಸದ್ದು ಮಾಡುತ್ತ ಕುಡಿಯುವುದು ಅಲ್ಲಿಯ ರೀತಿ. ಸದ್ದಿಲ್ಲದೆ ಕುಡಿಯುವವನು ಹುಬ್ಬಳ್ಳಿಯ ಕಡೆಯಿಂದ ಬಂದ ಔಷಧ ಕಂಪನಿಯ ಪ್ರತಿನಿಧಿಯಾಗಿರಬೇಕೆಂದು ನಾವು ತರ್ಕಿಸುತ್ತಿದ್ದೆವು.

ಈ ವರ್ಣನೆಯಲ್ಲಿ ಒಂದು ಲೋಪವಿದೆ. ಅದನ್ನು ನಾನು ಆಗ ಗಮನಿಸಿರಲಿಲ್ಲ. ಗಮನಿಸಲಿಕ್ಕೆ ನಾನು ಮೂರು ಸಾವಿರ ಕಿಲೋಮೀಟರಿಗೂ ದೂರ ಹೋಗಿ, ಸಿಂಗಾಪುರದಲ್ಲಿ ಹೈನಾನ್ ದ್ವೀಪದ ಚೀನಿಯರ ಒಂದು ಹಳೆಯ ಕಾಫಿ ಅಂಗಡಿಯಲ್ಲಿ ಸಹಕುಟುಂಬನಾಗಿ ಕುಳಿತುಕೊಳ್ಳಬೇಕಾಯಿತು. ಇಂದಿನ ನನ್ನ ಮಾತು ಆ ಬೆಳಗಿನ ಕುರಿತಾದದ್ದು.

ಮಗನು ಅಲ್ಲಿ ಇಂಜಿನಿಯರನಾಗಿರುವನು. ಸೊಸೆಯೂ ಕೆಲಸಕ್ಕೆ ಹೋಗುತ್ತಾಳೆ. ಮೊಮ್ಮಗನು ಎಂಟು ವರ್ಷದವನು; ಅವನ ಕನ್ನಡದಲ್ಲಿ ನಮ್ಮ ‘ಐತಿ’, ‘ಆತು’ಗಳು ಹೇಗೋ ಉಳಿದುಕೊಂಡಿರುವುದೇ ನಮ್ಮ ಪುಣ್ಯ. ನಾವಿಬ್ಬರೂ ಹೋಗಿ ಇಳಿದ ಮೊದಲ ರವಿವಾರ ಬೆಳಗ್ಗೆ ಮಗನು, “ಅಪ್ಪಾರ, ಇವತ್ತ ನಾಷ್ಟಾ ಹೊರಗ ಮಾಡೂಣು” ಎಂದಾಗ, ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆದಿರುವ ಕೋಮಳ ವಿಲಾಸದಂತಹ ಯಾವುದೋ ಇಡ್ಲಿ-ದೋಸೆಯ ಹೋಟೆಲಿಗೆ ಕರೆದೊಯ್ಯುವನೆಂದು ನಾನು ಭಾವಿಸಿದೆನು. ಅವನು ಕರೆದೊಯ್ದದ್ದು ಪರ್ವಿಸ್ ಬೀದಿಯ ಆಸುಪಾಸಿನ ಒಂದು ಮೂಲೆಯಂಗಡಿಗೆ. ಆ ಭಾಗದ ಮಿಡ್ಲ್ ರಸ್ತೆ, ಪರ್ವಿಸ್ ಬೀದಿ, ಸಿಯಾ ಬೀದಿ ಈ ಮೂರನ್ನೂ ಹಳೆಯ ಚೀನಿಯರು ಹೈನಾನಿಗಳ ಒಂದನೆಯ, ಎರಡನೆಯ, ಮೂರನೆಯ ಬೀದಿಗಳೆಂದು ಕರೆಯುತ್ತಿದ್ದರಂತೆ. ನಮ್ಮಲ್ಲಿ ಬಣಗಾರ ಓಣಿ, ನೇಕಾರ ಓಣಿಗಳಿರುವಂತೆ ಅಲ್ಲಿಯೂ ಒಂದೊಂದು ಸೀಮೆಯವರಿಗೆ ಒಂದೊಂದು ಓಣಿ.

ಅಂಗಡಿಗೆ ಮುಂಭಾಗದಲ್ಲಿ ಗೋಡೆಯೆಂಬುದೇ ಇರಲಿಲ್ಲ. ರಸ್ತೆಯು ಹಾಗೆಯೇ ಒಳಗೆ ಹರಿದು ಬಂದಂತಿತ್ತು. ದುಂಡಗಿನ ಅಮೃತಶಿಲೆಯ ಮೇಜುಗಳು, ಅವುಗಳ ಸುತ್ತ ಬೆನ್ನು ಬಾಗಿಸಿದ ಕಟ್ಟಿಗೆಯ ಕುರ್ಚಿಗಳು. ಆ ಕುರ್ಚಿಯನ್ನು ಕಂಡೊಡನೆ ನನಗೆ, ಕಾಲೇಜಿನ ದಿನಗಳಲ್ಲಿ ಪುಣೆಯಲ್ಲಿ ನೋಡಿದ್ದ ಇರಾಣಿಯವರ ಹೋಟೆಲಿನ ನೆನಪಾಯಿತು. ಅದೇ ಮಾಟ, ಅದೇ ಬಾಗು. ಆಸ್ಟ್ರಿಯಾ ದೇಶದ ಥೋನೆಟ್ ಎಂಬ ಬಡಿಗನು ಕಟ್ಟಿಗೆಯನ್ನು ಉಗಿಯಲ್ಲಿ ಮೆತ್ತಗೆ ಮಾಡಿ ಬಗ್ಗಿಸುವ ಹಿಕಮತ್ತನ್ನು ಕಂಡುಹಿಡಿದು 1859ರಲ್ಲಿ ಹೊರತಂದ ಕುರ್ಚಿಯ ಸಂತತಿಯವು. ವಿಯೆನ್ನಾದ ಕಾಫಿಗೃಹಗಳಿಗಾಗಿ ಹುಟ್ಟಿದ ಆಸನದ ಮೇಲೆ ಮುಂಬಯಿಯಲ್ಲಿ ಇರಾಣಿಯವನು ಗಿರಾಕಿಗಳನ್ನು ಕೂಡಿಸಿದನು, ಸಿಂಗಾಪುರದಲ್ಲಿ ಹೈನಾನಿಯವನು ಕೂಡಿಸಿದನು. ನಮ್ಮ ಊರಿಗೆ ಮಾತ್ರ ಅದು ಬರಲಿಲ್ಲ. ನಮಗೆ ಬಾಕೇ ಸಾಕಾಯಿತು.

ಈ ಹೈನಾನಿಗಳ ವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಹೈನಾನ್ ಎಂಬುದು ಚೀನದ ದಕ್ಷಿಣ ತುದಿಯಲ್ಲಿರುವ ದೊಡ್ಡ ದ್ವೀಪ. 1819ರಲ್ಲಿ ಇಂಗ್ಲಿಷರು ಸಿಂಗಾಪುರದ ಬಂದರನ್ನು ಸ್ಥಾಪಿಸಿದಂದಿನಿಂದ ಚೀನದ ಫುಜಿಯಾನ್, ಗ್ವಾಂಗ್‌ಡಾಂಗ್ ಸೀಮೆಗಳ ಜನ ತಂಡತಂಡವಾಗಿ ಬಂದು, ಸಗಟು ವ್ಯಾಪಾರವನ್ನು ಒಬ್ಬರು, ಮೀನು-ತರಕಾರಿಗಳನ್ನು ಒಬ್ಬರು, ಬಡಿಗತನ-ಅಕ್ಕಸಾಲಿಕೆಗಳನ್ನು ಮತ್ತೊಬ್ಬರು ಹಿಡಿದು ಕುಳಿತರು. ಹೈನಾನಿಗಳು ತಡವಾಗಿ ಬಂದವರು. ಅವರು ಬರುವಷ್ಟರಲ್ಲಿ ಲಾಭದ ಕಸುಬುಗಳೆಲ್ಲ ಪರರ ಪಾಲಾಗಿದ್ದುವು. ಆದುದರಿಂದ ಅವರು ಇಂಗ್ಲಿಷರ ಬಂಗಲೆಗಳಲ್ಲಿ, ಹಡಗುಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ ಅಡುಗೆಯವರಾಗಿ, ಬಡಿಸುವವರಾಗಿ ಸೇರಿಕೊಂಡರು. ಸಾಹೇಬನ ಮುಂಜಾವಿನ ಆಹಾರವಾದ ಸುಟ್ಟ ರೊಟ್ಟಿ, ಬೆಣ್ಣೆ, ಮುರಬ್ಬ, ಅರೆಬೆಂದ ತತ್ತಿ, ಕಾಫಿ ಇವುಗಳ ಮರ್ಮವನ್ನೆಲ್ಲ ಅವನ ಅಡುಗೆಮನೆಯಲ್ಲಿ ನಿಂತೇ ಕಲಿತರು. ಮುಂದೆ ಕಾಲ ತಿರುಗಿ, ಕಟ್ಟಡಗಳ ಬಾಡಿಗೆ ಇಳಿದು, ಸಾಹೇಬರ ಮನೆಗಳು ಒಂದೊಂದಾಗಿ ಖಾಲಿಯಾದಂತೆ, ಆ ಫಲಾಹಾರವನ್ನೇ ಕೂಲಿಯವನ ಕೈಗೆ ನಿಲುಕುವ ಬೆಲೆಗೆ ಇಳಿಸಿ ತಮ್ಮದೇ ಅಂಗಡಿಗಳನ್ನು ತೆರೆದರು. ಕಿಲಿನಿ ರಸ್ತೆಯ ಅಂಗಡಿಯೊಂದು 1919ರಷ್ಟು ಹಳೆಯದು. ಲೋಯ್ ಆಹ್ ಕೂನ್ ಎಂಬವನು 1926ರಲ್ಲಿ ಹುಡುಗನಾಗಿ ಹೈನಾನಿನಿಂದ ಬಂದು, ಮೊದಲು ತನ್ನ ಸೀಮೆಯವರ ಕಾಫಿ ಅಂಗಡಿಯಲ್ಲಿ ಕೈಯಾಳಾಗಿ ದುಡಿದು, 1944ರಲ್ಲಿ ‘ಯಾ ಕುನ್’ ಎಂಬ ಹೆಸರಿನಿಂದ ಆರಂಭಿಸಿದ ಚಿಕ್ಕ ಅಂಗಡಿ ಇಂದು ದೇಶದೇಶಗಳಲ್ಲಿ ಕವಲೊಡೆದಿದೆ.

ಇದನ್ನು ಮಗನು ವಿವರಿಸುತ್ತಿರುವಾಗ ನನ್ನ ಮನಸ್ಸು ಉಡುಪಿಗೆ ಹೋಗಿತ್ತು. ಮಠಗಳ ಪಾಕಶಾಲೆಯಲ್ಲಿ ನುರಿತ ಕೈಗಳು, ಬೇಸಾಯವು ಕೈಹಿಡಿಯದೆ, 1923ರ ಮಹಾಪೂರದಿಂದ ಮತ್ತಷ್ಟು ದಿಕ್ಕೆಟ್ಟು, ಘಟ್ಟವನ್ನು ಹತ್ತಿ ಮದರಾಸು ಮುಂಬಯಿಗಳಿಗೆ ಹೋಗಿ ಹೋಟೆಲುಗಳನ್ನು ತೆರೆದ ಕಥೆಯೂ ಇದೇ ಧಾಟಿಯದಲ್ಲವೆ? 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದ ಕೆ. ಕೃಷ್ಣರಾಯರೂ ಮೊದಲು ಅನ್ಯರ ಅಡುಗೆಮನೆಯಲ್ಲಿ ದುಡಿದವರೇ. ಪರರ ಒಲೆಗೆ ಉರಿ ಹಾಕುತ್ತ ಕಲಿತ ವಿದ್ಯೆಯಿಂದ ತನ್ನ ಒಲೆಯನ್ನು ಹೂಡಿದವರ ಅಂಗಡಿಯಲ್ಲಿ ಒಂದು ಬಗೆಯ ಶಿಸ್ತು ಇರುತ್ತದೆ. ಅದನ್ನು ನೋಡಬೇಕಾದರೆ ಕಾಫಿ ಮಾಡುವವನ ಕೈಗಳನ್ನೇ ನೋಡಬೇಕು.

ನಾನು ನೋಡಿದೆನು. ಎಪ್ಪತ್ತು ದಾಟಿದ ಕೃಶ ಶರೀರದ ಒಬ್ಬ ಮುದುಕನು ಬನಿಯನ್ ಹಾಕಿಕೊಂಡು ಒಲೆಯ ಮುಂದೆ ನಿಂತಿದ್ದನು. ಅವನ ಎಡಗೈಯಲ್ಲಿ ತಂತಿಯ ಬಳೆಗೆ ಹೊಲಿದ, ಮೊಳದುದ್ದದ ಒಂದು ಬಟ್ಟೆಯ ಚೀಲ. ಬಲಗೈಯಲ್ಲಿ ಉದ್ದ ಮೂತಿಯ ತಗಡಿನ ಕಿಟ್ಲಿ. ಚೀಲದಲ್ಲಿ ಕಾಫಿಯ ಪುಡಿ. ಕುದಿನೀರನ್ನು ಅದರ ಮೇಲೆ ಸುರಿದು, ಇಳಿದ ಕಷಾಯವನ್ನು ಇನ್ನೊಂದು ಕಿಟ್ಲಿಗೆ ಹೊಯ್ದು, ಅದನ್ನು ಮರಳಿ ಚೀಲದ ಮೂಲಕ ಹರಿಸಿ, ಹೀಗೆ ಎರಡು ಮೂರು ಸಲ ಮಾಡುವಾಗ ಅವನ ಕೈಗಳು ಏರಿ ಇಳಿಯುವ ಲಯವು ನಮ್ಮ ಹಗ್ಗ ಹೊಸೆಯುವವರ ಕೈಗಳ ಲಯವನ್ನು ಹೋಲುತ್ತಿದ್ದಿತು. ಕಪ್ಪನ್ನು ಬಿಸಿನೀರಿನ ಬೋಗುಣಿಯಿಂದ ತೆಗೆದು, ಕೊಡವಿ, ತಳಕ್ಕೆ ಡಬ್ಬಿಯ ಗಟ್ಟಿ ಹಾಲನ್ನು ಎರಡು ಚಮಚೆ ಬಿಟ್ಟು, ಮೇಲೆ ಕಾಫಿಯನ್ನು ಹೊಯ್ದರೆ ಆಯಿತು. ಬೀಜವನ್ನು ಹುರಿಯುವಾಗಲೇ ಸಕ್ಕರೆಯನ್ನೂ ಬೆಣ್ಣೆಯಂತಹ ಜಿಡ್ಡನ್ನೂ ಸೇರಿಸಿ ಕಪ್ಪಗಾಗುವವರೆಗೆ ಹುರಿಯುತ್ತಾರೆಂಬುದರಿಂದ, ಅದಕ್ಕೆ ನಮ್ಮ ಚಿಕ್ಕಮಗಳೂರಿನ ಕಾಫಿಯ ಘಮವಿಲ್ಲ. ಸೀದ ಬೆಲ್ಲದ ಪಾಕದ ವಾಸನೆಯಿದೆ.

“ಅದೇನೋ ಅವನ ಕೈಯಾಗಿನ ಚೀಲ?” ಎಂದು ನನ್ನ ಹೆಂಡತಿಯು ಮಗನನ್ನು ಕೇಳಿದಳು.

“ಅದಕ್ಕ ಇಲ್ಲೆ ಕಾಲುಚೀಲ ಅಂತಾರವ್ವ” ಎಂದು ಅವನು ಅನ್ನಬಾರದ ಮಾತನ್ನು ಅಂದುಬಿಟ್ಟನು.

ಆಕೆಯ ಮುಖವನ್ನು ಕಂಡು ಸೊಸೆಯು, “ಬರೇ ಹೆಸರರೀ ಅತ್ತಿ, ಹೊಸ ಅರಿವಿದು, ಆಕಾರ ಹಂಗ ಐತಿ ಅಂತ ಹಂಗ ಅಂತಾರ” ಎಂದು ಸಮಾಧಾನ ಹೇಳದಿದ್ದರೆ ನಮ್ಮ ರವಿವಾರವು ಅಲ್ಲಿಗೇ ಮುಗಿಯುತ್ತಿತ್ತು. ಆದರೂ ಆಕೆ ಕಾಫಿಯನ್ನು ಒಲ್ಲೆನೆಂದಳು. ಚಹಾ ಬೇಕು. ಚಹಾವನ್ನು ಅದೇ ಬಗೆಯ ಚೀಲದಲ್ಲಿಯೇ ಸೋಸುತ್ತಾರೆಂಬ ಸತ್ಯವನ್ನು ನಾವು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಬೇಕಾದುದನ್ನು ಹೇಳಿ ತರಿಸಿಕೊಳ್ಳುವುದೂ ಅಲ್ಲಿ ಒಂದು ವಿದ್ಯೆಯೇ. ಬರಿಯ ‘ಕೋಪಿ’ ಎಂದರೆ ಗಟ್ಟಿ ಸಿಹಿಹಾಲು ಹಾಕಿದ್ದು. ‘ಕೋಪಿ ಓ’ ಎಂದರೆ ಹಾಲಿಲ್ಲದ್ದು, ಸಕ್ಕರೆಯಿದ್ದದ್ದು. ‘ಓ’ ಎಂದರೆ ಫುಜಿಯಾನ್ ಸೀಮೆಯವರ ಹೊಕ್ಕಿಯನ್ ಮಾತಿನಲ್ಲಿ ಕಪ್ಪು ಬಣ್ಣ. ‘ಕೋಸೊಂಗ್’ ಎಂದು ಸೇರಿಸಿದರೆ ಸಕ್ಕರೆಯೂ ಇಲ್ಲ. ಅದು ಮಲಾಯಿ ಮಾತು, ಬರಿದು ಎಂದರ್ಥ. ಸಕ್ಕರೆ ಕಡಿಮೆಯಿರಲಿ ಎನ್ನಲು ಕ್ಯಾಂಟನಿನವರ ‘ಸಿಯು ದಾಯ್’. ಒಂದು ಕಪ್ಪು ಕಾಫಿಯನ್ನು ತರಿಸಲು ಮೂರು ಭಾಷೆ! ಆದರೆ ನಗುವ ಅಧಿಕಾರ ನಮಗೆಲ್ಲಿದೆ? “ಎರಡ ಕಡಕ್, ಒಂದ ಸ್ಪೆಶಲ್, ಒಂದ ಬಿನ್‌ಸಕ್ಕರಿ” ಎಂದು ನಮ್ಮ ಪೇಟೆಯಲ್ಲಿ ಕೂಗುವಾಗ ಹಿಂದೂಸ್ತಾನಿ, ಇಂಗ್ಲಿಷು, ಕನ್ನಡ ಮೂರೂ ಒಂದೇ ಉಸಿರಿನಲ್ಲಿ ಹೊರಬೀಳುತ್ತವಷ್ಟೆ.

ಇಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ಮಗನು ಚಹಾಕ್ಕೆ ಅಲ್ಲಿಯವರಂತೆ ‘ತೆಹ್’ ಎಂದು ಹೇಳಬೇಕೆನ್ನುವಷ್ಟರಲ್ಲಿ, ನನ್ನ ಹೆಂಡತಿಯು ತಾನೇ ಆ ಮುದುಕನ ಕಡೆಗೆ ತಿರುಗಿ, ಬೈಲಹೊಂಗಲದ ನೆರೆಮನೆಯವಳಿಗೆ ಹೇಳಿದಂತೆ, “ಚಾ, ಚಾ” ಎಂದಳು. ಮುದುಕನು ತಲೆಯಲ್ಲಾಡಿಸಿ ನಕ್ಕು ಚಹಾದ ಚೀಲಕ್ಕೆ ಕೈ ಹಾಕಿದನು. ಅವಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಚೀನದ ಒಂದೇ ಲಿಪಿಚಿಹ್ನೆಯನ್ನು ಕ್ಯಾಂಟನಿನವರು ‘ಚಾ’ ಎಂದೂ ಹೊಕ್ಕಿಯನರು ‘ತೆ’ ಎಂದೂ ಓದುತ್ತಾರೆಂಬುದನ್ನೂ, ಮೊದಲನೆಯದು ಬೇರೆಬೇರೆ ದಾರಿಗಳಿಂದ ನಮ್ಮ ದೇಶಕ್ಕೆ ಬಂದು ಚಹಾ ಆಯಿತೆಂಬುದನ್ನೂ, ಎರಡನೆಯದು ಡಚ್ಚರ ಹಡಗನ್ನೇರಿ ಹೋಗಿ ಇಂಗ್ಲಿಷರ ಟೀ ಆಯಿತೆಂಬುದನ್ನೂ ನಾನು ಆಕೆಗೆ ವಿವರಿಸಹೋದೆನು. “ಅವಗ ತಿಳೀತಲ್ಲ, ಸಾಕು ಬಿಡ್ರಿ” ಎಂದು ಆಕೆ ನನ್ನ ಪಾಠವನ್ನು ಮೊಟಕುಗೊಳಿಸಿದಳು. ಮಾಸ್ತರರ ಹೆಂಡಂದಿರು ಸಾಮಾನ್ಯವಾಗಿ ಒಳ್ಳೆಯ ವಿದ್ಯಾರ್ಥಿನಿಯರಲ್ಲ.

ತಿನಿಸಿನ ವಿಷಯದಲ್ಲಿ ಮಾತ್ರ ತೊಡಕು ಬಂದಿತು. ಆ ಅಂಗಡಿಗಳ ಕೀರ್ತಿಯೆಲ್ಲ ನಿಂತಿರುವುದು ‘ಕಾಯಾ’ ಎಂಬ ಒಂದು ಲೇಹ್ಯದ ಮೇಲೆ: ತೆಂಗಿನ ಹಾಲು, ಸಕ್ಕರೆ, ತತ್ತಿ ಇವನ್ನು ಪಂಡನ್ ಎಂಬ ಸುವಾಸನೆಯ ಎಲೆಯೊಡನೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕೈಯಾಡಿಸಿ ಕಾಸಿದ್ದು. ಕೆಂಡದ ಮೇಲೆ ಸುಟ್ಟ ತೆಳ್ಳಗಿನ ಬ್ರೆಡ್ಡಿನ ನಡುವೆ ಅದನ್ನು ಸವರಿ, ತಣ್ಣನೆಯ ಬೆಣ್ಣೆಯ ಬಿಲ್ಲೆಯನ್ನಿಟ್ಟು ಕೊಡುತ್ತಾರೆ. ಜೊತೆಗೆ ಬಶಿಯಲ್ಲಿ ಅರೆಬೆಂದ ಎರಡು ತತ್ತಿ. ಅದಕ್ಕೆ ಕಪ್ಪು ಸೋಯಾ ರಸ ಮತ್ತು ಬಿಳಿ ಮೆಣಸಿನ ಪುಡಿ. ಲಿಂಗಾಯತರ ಮನೆಯಲ್ಲಿ ಹುಟ್ಟಿ, ತತ್ತಿಯ ಹೆಸರನ್ನು ಸಹ ಅಡುಗೆಮನೆಯಲ್ಲಿ ಎತ್ತದೆ ಬಾಳಿದ ಆಕೆಯ ಮುಂದೆ ಇದನ್ನೆಲ್ಲ ತಂದಿಡುವ ಧೈರ್ಯ ಯಾರಿಗಿದೆ? ಸೊಸೆಯು ಜಾಣೆ, ನಮಗಿಬ್ಬರಿಗೆ ಬರಿಯ ಬೆಣ್ಣೆ-ಸಕ್ಕರೆ ಹಾಕಿದ ಬ್ರೆಡ್ಡನ್ನು ಹೇಳಿದಳು. ಅದೂ ಅಲ್ಲಿಯ ಹಳೆಯ ಪದ್ಧತಿಯೇ. ಆದರೆ ಮೊಮ್ಮಗನು ಯಾವ ಅಳುಕೂ ಇಲ್ಲದೆ ಕಾಯಾದ ತುಂಡೊಂದನ್ನು ಬಾಯಿಗಿಟ್ಟುಕೊಂಡು, “ಆಯಿ, ಹೂರಣ ಇದ್ದಂಗ ಐತಿ, ನೀನೂ ತಿನ್ನ” ಎಂದು ಚಾಚಿದನು. ಆಕೆ ಆ ಹಸಿರು ಲೇಪವನ್ನು ಒಂದು ಕ್ಷಣ ದಿಟ್ಟಿಸಿ, “ನಂದು ಹೊಟ್ಟಿ ತುಂಬೇತಪ್ಪಾ” ಎಂದು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡಳು. ಅವನು ಅದನ್ನು ತಿಂದು ಮುಗಿಸುವವರೆಗೂ ಆಕೆಗೆ ಆ ರಸ್ತೆಯಲ್ಲಿ ನೋಡತಕ್ಕದ್ದು ಬಹಳ ಇತ್ತು.

ಯಾ ಕುನ್ ಅಂಗಡಿಯವನ ಮೊದಲ ದಿನಗಳಲ್ಲಿ ಕಾಯಾವನ್ನು ಮನೆಯಲ್ಲಿ ಕಾಸಿ ಕೊಡುತ್ತಿದ್ದವಳು ಅವನ ಹೆಂಡತಿಯೆಂದು ಆ ಮನೆತನದವರು ಹೇಳುತ್ತಾರೆ. ಮಗನು ಈ ಮಾತನ್ನು ಹೇಳಿದಾಗ ಸೊಸೆಯು, “ಹೆಸರು ಮಾತ್ರ ಗಂಡಂದು” ಎಂದು ತಣ್ಣಗೆ ನುಡಿದಳು. ನನಗೆ ನಮ್ಮ ಪೇಟೆಯ ಅಂಗಡಿಯ ನೆನಪಾಯಿತು. ಅಲ್ಲಿ ಭಜಿಯೊಡನೆ ಕೊಡುವ ಶೇಂಗಾದ ಹಿಂಡಿಯನ್ನು ಹೊಗಳದ ಗಿರಾಕಿಯಿಲ್ಲ. ಅದನ್ನು ಕುಟ್ಟಿದ ಕೈ ಯಾವುದೆಂದು ಮೂವತ್ತನಾಲ್ಕು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿದವನಲ್ಲ.

ಅಷ್ಟರಲ್ಲಿ ಚಹಾ ಬಂದಿತು. ದಪ್ಪ ಪಿಂಗಾಣಿಯ ಕಪ್ಪು, ಮೈಮೇಲೆ ಹಸಿರು ಹೂಬಳ್ಳಿ, ಕೆಳಗೆ ಬಶಿ. ಪರದೇಶದ ಪಂಕ್ತಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಅಂಜಿಕೆಯಿಂದ ನಾನು ಕಪ್ಪಿನ ಕಿವಿಯನ್ನು ಎರಡು ಬೆರಳಿನಿಂದ ಹಿಡಿದು ಸದ್ದಿಲ್ಲದೆ ಗುಟುಕರಿಸುತ್ತಿದ್ದೆನು. ಆಕೆಗೆ ಆ ಅಂಜಿಕೆಯಿರಲಿಲ್ಲ. ಬಶಿಯನ್ನು ಮುಂದಕ್ಕೆ ಎಳೆದುಕೊಂಡು, ಕಪ್ಪನ್ನು ಓರೆ ಮಾಡಿ ಅರ್ಧದಷ್ಟನ್ನು ಹೊಯ್ದು, ಎರಡು ಸಲ ಊದಿ, ಬಶಿಯನ್ನು ಅಂಗೈಯ ಐದೂ ಬೆರಳುಗಳ ಮೇಲೆ ನಿಲ್ಲಿಸಿಕೊಂಡು ಸುರ್ರನೆ ಎಳೆದಳು. ಮಗನು ಸುತ್ತಲೂ ನೋಡಿದನು. ಆಗ ಪಕ್ಕದ ಮೇಜಿನಿಂದ ಅಂಥದೇ ಇನ್ನೊಂದು ಸುರ್ರೆಂಬ ಶಬ್ದ ಬಂದಿತು! ಹಣ್ಣು ಹಣ್ಣು ಮುದುಕಿಯೊಬ್ಬಳು, ಚೀನಿ ವೃತ್ತಪತ್ರಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ತನ್ನ ಕೋಪಿಯನ್ನು ಬಶಿಗೆ ಹೊಯ್ದು ಕುಡಿಯುತ್ತಿದ್ದಳು. ಅಲ್ಲಿಯ ಹಳಬರ ರೂಢಿಯೂ ಅದೇ, ಹೊಸಬರು ಬಿಟ್ಟಿದ್ದಾರಷ್ಟೆ. ಇಬ್ಬರೂ ಬಶಿಗಳ ಅಂಚಿನ ಮೇಲಿಂದ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಮುದುಕಿಯು ತನ್ನ ಬಶಿಯನ್ನು ತುಸು ಮೇಲಕ್ಕೆತ್ತಿದಳು, ನಮ್ಮವಳೂ ಎತ್ತಿದಳು. ನಾನು ನನ್ನ ಕಪ್ಪನ್ನು ಕೆಳಗಿಟ್ಟು, ಮೆಲ್ಲನೆ, ಬಶಿಗೆ ಹೊಯ್ದುಕೊಂಡೆನು.

ನಿಜವಾದ ಪೆಟ್ಟು ಬಿದ್ದದ್ದು ಅನಂತರ. ಆಕೆ ಸೆರಗಿನಿಂದ ತುಟಿಯನ್ನು ಒತ್ತಿಕೊಳ್ಳುತ್ತ, ಮೇಜುಗಳನ್ನೂ ಒಲೆಯನ್ನೂ ಕೂಗಾಡುವ ಗಿರಾಕಿಗಳನ್ನೂ ಮತ್ತೊಮ್ಮೆ ನಿಧಾನವಾಗಿ ನೋಡಿ, ಅತ್ಯಂತ ಸಹಜವಾದ ಕುತೂಹಲದಿಂದ, “ಅಲ್ಲರೀ, ನೀವು ದಿನಾ ಸಂಜಿಮುಂದ ಹೋಗತಿದ್ರಲ್ಲ, ಆ ಅಂಗಡಿನೂ ಹಿಂಗ ಐತೇನು?” ಎಂದು ಕೇಳಿದಳು.

ನಾನು ಉತ್ತರಕ್ಕಾಗಿ ತಡಕಾಡಿದೆನು. ನಮ್ಮ ಮನೆಯಿಂದ ಆ ಅಂಗಡಿಗೆ ಐದು ನಿಮಿಷದ ದಾರಿ. ಆಕೆ ಅದರ ಮುಂದಿನಿಂದ ಕಾಯಿಪಲ್ಲೆ ತರಲು, ದೇವಸ್ಥಾನಕ್ಕೆ ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು ಎಷ್ಟು ಸಾವಿರ ಸಲ ಹಾದುಹೋಗಿರಬಹುದು! ಹಾದುಹೋಗುವಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದೃಷ್ಟಿಯನ್ನು ನೆಲಕ್ಕಿಟ್ಟು, ನಡಿಗೆಯನ್ನು ಚುರುಕು ಮಾಡುತ್ತಿದ್ದಳು. ಒಳಗೆ ಕುಳಿತ ನಾನೂ ಆಕೆಯನ್ನು ಕಂಡು ಕಾಣದಂತೆ ಇರುತ್ತಿದ್ದೆನು. ಅದು ಮರ್ಯಾದೆಯೆಂದು ಇಬ್ಬರೂ ನಂಬಿದ್ದೆವು. ಹೆಂಗಸರಿಗೆ ಹೋಟೆಲೆಂದರೆ ಎಲ್ಲಮ್ಮನ ಗುಡ್ಡಕ್ಕೋ, ಬಂಗಾರ ಕೊಳ್ಳಲು ಬೆಳಗಾವಿಗೋ ಹೋದಾಗ ಸಿಗುವ ‘ಫ್ಯಾಮಿಲಿ ರೂಮ್’. ಅಂದರೆ ಕಟ್ಟಿಗೆಯ ಅಡ್ಡಗೋಡೆ, ಮಾಸಿದ ಪರದೆ, ತಿರುಗದ ಫ್ಯಾನು. ಆ ಪರದೆಯ ಆಚೆಗೆ ಲೋಕವು ಚಹಾ ಕುಡಿಯುತ್ತ ಜಗತ್ತಿನ ವ್ಯವಹಾರವನ್ನೆಲ್ಲ ತೀರ್ಮಾನಿಸುತ್ತಿದ್ದರೆ, ಈಚೆಗೆ ನಾವು ಸಂಸಾರವಂದಿಗರು ತಗ್ಗಿದ ದನಿಯಲ್ಲಿ ಮಾತಾಡುತ್ತ, ಬೇಗಬೇಗ ತಿಂದು ಎದ್ದುಬಿಡಬೇಕು. ನನ್ನ ಅಂಗಡಿಯ ವರ್ಣನೆಯಲ್ಲಿ ಲೋಪವಿದೆಯೆಂದು ಮೊದಲಿಗೆ ಹೇಳಿದೆನಲ್ಲ, ಅದು ಇದೇ. ಅಲ್ಲಿ ಇಡಿಯ ಊರೇ ನೆರೆಯುತ್ತಿತ್ತೆಂದು ನಾನು ಹೇಳಿಕೊಳ್ಳುತ್ತಿದ್ದ ಊರು ಅರ್ಧ ಊರು.

“ಹೌದು, ಸುಮಾರು ಹಿಂಗ ಐತಿ” ಎಂದೆನು. ಬೇರೆ ಏನು ಹೇಳಲಿ?

“ಹಂಗಾರ ನೀವು ತಡಾ ಮಾಡಿ ಬರೂದರಾಗ ತಪ್ಪಿಲ್ಲ” ಎಂದು ಆಕೆ ಬಶಿಯಲ್ಲಿ ಉಳಿದದ್ದನ್ನು ಮುಗಿಸಿದಳು. ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಲ್ಲಿದ್ದ ಎರಡು ತಿಂಗಳಲ್ಲಿ ನಾವು ಆ ಅಂಗಡಿಗೆ ಮತ್ತೆ ಎಷ್ಟು ಸಲ ಹೋದೆವೆಂದು ನಾನು ಎಣಿಸಿಲ್ಲ. ಮಗ-ಸೊಸೆಯರು ಕೆಲಸಕ್ಕೆ ಹೋದ ದಿನಗಳಲ್ಲಿಯೂ ನಾವಿಬ್ಬರೇ ರೈಲು ಹತ್ತಿ ಹೋಗುತ್ತಿದ್ದೆವು. ಕಡೆಕಡೆಗೆ ಆಕೆ “ಚಾ, ಸಿಯು ದಾಯ್” ಎನ್ನುವುದನ್ನೂ ಕಲಿತಿದ್ದಳು. ಡಬ್ಬಿಹಾಲಿನ ಸಿಹಿ ಆಕೆಗೆ ಒಗ್ಗಲಿಲ್ಲ.

ಊರಿಗೆ ಮರಳಿದ ನಾಲ್ಕನೆಯ ದಿನ ಸಾಯಂಕಾಲ ಐದಕ್ಕೆ ನಾನು ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ನಿಂತು, “ಬರತೀಯೇನು?” ಎಂದೆನು. ಎಲ್ಲಿಗೆಂದು ಆಕೆ ಕೇಳಲಿಲ್ಲ. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ನಮ್ಮನ್ನು ಕಂಡೊಡನೆ ಬಾಕಿನ ಮೇಲಿದ್ದವರ ಮಾತು ನಿಂತಿತು. ಹತ್ತಿಯ ದಲಾಲನೊಬ್ಬನು ಬೀಡಿಯನ್ನು ಕಾಲ ಕೆಳಗೆ ಹೊಸಕಿದನು. ಮಾಲಕನು ಗಲ್ಲೆಯಿಂದ ಎದ್ದು ಬಂದು, ಹೆಗಲ ಮೇಲಿನ ಟಾವೆಲ್ಲಿನಿಂದ ಇಲ್ಲದ ಧೂಳನ್ನು ಝಾಡಿಸುತ್ತ, “ಒಳಗ ಬರ್ರಿ ಅಕ್ಕಾರ, ಒಳಗ ಖೋಲಿ ಐತಿ, ಫ್ಯಾನ್ ಹಚ್ಚಸ್ತೀನಿ” ಎಂದನು.

“ಇಲ್ಲೇ ಕೂಡತೀನೋ ತಮ್ಮಾ, ಇಲ್ಲೆ ಗಾಳಿ ಛಲೋ ಐತಿ” ಎಂದು ಆಕೆ ರಸ್ತೆಗೆ ಮುಖಮಾಡಿ ಬಾಕಿನ ತುದಿಯಲ್ಲಿ ಕುಳಿತಳು.

ಚಹಾ ಬಂದಿತು. ಹೊಯ್ದಳು, ಊದಿದಳು, ಎಳೆದಳು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನಂತೆ ಆಕೆಯ ಮುಖವನ್ನೇ ನೋಡುತ್ತಿದ್ದೆನು.

“ಸಕ್ಕರಿ ಭಾಳ ಆತು” ಎಂದಳು. “ನಾಳೆ ನಂದಕ್ಕ ಕಡಿಮಿ ಹಾಕಂತ ಹೇಳ್ರಿ.”

ಮಾಲಕನು ಕೆಂಪು ವಹಿಯನ್ನು ತೆರೆದು, ಪೆನ್ಸಿಲ್ಲಿನ ತುದಿಯನ್ನು ನಾಲಗೆಗೆ ಮುಟ್ಟಿಸಿ, ನನ್ನ ಹೆಸರಿನ ಮುಂದೆ ಎಂದಿನ ಒಂದರ ಬದಲು ಎರಡು ಎಂದು ಬರೆದುಕೊಂಡನು.